ಮೈಸೂರಿನ ಮಾತು, ಕಠ್ಮಂಡುವಿನ ತಿದ್ದುಪಡಿ

‘ಸಂಸ್ಕೃತೀಕರಣ ಎಂದರೇನು?’ ಎಂಬ ಐದು ಅಂಕದ ಪ್ರಶ್ನೆಗೆ ಪ್ರತಿ ವರ್ಷ ಒಬ್ಬಿಬ್ಬರಾದರೂ ‘ಶಾಲೆಗಳಲ್ಲಿ ಸಂಸ್ಕೃತ ಭಾಷೆಯನ್ನು ಕಲಿಸುವುದೇ ಸಂಸ್ಕೃತೀಕರಣ’ ಎಂದು ಬರೆದಿರುತ್ತಾರೆ. ನಗು ಬರುತ್ತದೆ. ಆದರೂ ಸೊನ್ನೆ ಹಾಕಲು ಕೈ ಬರುವುದಿಲ್ಲ. ಗೈಡು ಓದಿಕೊಂಡು ‘ಸರಿ’ ಉತ್ತರ ಬರೆದವರಿಗೂ ಆ ಪದಕ್ಕೂ ನಡುವೆ ಇರುವ ದೂರ ಇದಕ್ಕಿಂತ ಕಡಿಮೆಯೇನಲ್ಲ. ಕೆಳಜಾತಿಯವರು ಮೇಲ್ಜಾತಿಯವರ ಆಚಾರ, ವಿಚಾರ, ಆಹಾರ ಪದ್ಧತಿಗಳನ್ನು ಅನುಕರಿಸಿ ತಮ್ಮ ಸ್ಥಾನಮಾನ ಹೆಚ್ಚಿಸಿಕೊಳ್ಳುವುದು. ಹೇಳಿದವರು ಎಂ.ಎನ್. ಶ್ರೀನಿವಾಸ್. ಅಲ್ಲಿಗೆ ಮುಗಿಯಿತು, ಮುಂದಿನ ಪ್ರಶ್ನೆ.

ಒಂದು ವರ್ಷ ಕಲ್ಲೋಳಿಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಮಾತ್ರ ಅಲ್ಲಿಗೆ ಮುಗಿಸಲು ಬಿಡಲಿಲ್ಲ. “ಸರ, ಹಂಗಾರ ನಮ್ಮೂರಾಗ ಯಾರು ಯಾರನ್ನ ನೋಡಿ ಕಲ್ತಾರ್ರಿ? ಬ್ರಾಹ್ಮಣರ ಮನಿ ಎಷ್ಟ ಅದಾವ್ರಿ ಅಲ್ಲಿ?” ಎಂದು ಕೇಳಿದಳು. ನಾನೂ ಅದೇ ಊರಿನವನು ಎಂಬುದು ಅವಳಿಗೆ ಗೊತ್ತಿತ್ತು. ಕ್ಲಾಸಿನಲ್ಲಿ ನಗೆ ಎದ್ದಿತು. ಅವಳು ನಗಿಸಲು ಕೇಳಿದ್ದಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ ನಾನು ನೇಪಾಳ, ಸಿಂಹಳ ಎಂದೆಲ್ಲ ಸುತ್ತಿ ಬರಬೇಕಾಯಿತು. ಸುತ್ತಿದ್ದು ಪುಸ್ತಕಗಳಲ್ಲಿ ಅನ್ನಿ.

ಮೊದಲು ಆ ಪದ ಹುಟ್ಟಿದ ಕಥೆ. ಶ್ರೀನಿವಾಸ್ 1916ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಮುಂಬಯಿಯಲ್ಲಿ ಜಿ.ಎಸ್. ಘುರ್ಯೆ ಅವರ ಶಿಷ್ಯರಾಗಿ ಕೊಡಗಿನಲ್ಲಿ ಕ್ಷೇತ್ರಕಾರ್ಯ ಮಾಡಿದರು. ಆ ಸಾಮಗ್ರಿಯ ಗಂಟು ಕಟ್ಟಿಕೊಂಡು 1945ರಲ್ಲಿ ಆಕ್ಸ್‌ಫರ್ಡಿಗೆ ಹೋಗಿ, ರ್‍ಯಾಡ್‌ಕ್ಲಿಫ್ ಬ್ರೌನ್ ಅವರ ಕೈಕೆಳಗೆ ಮತ್ತೆ ಬರೆದರು. 1952ರಲ್ಲಿ ಅದು ಕೊಡವರ ಧರ್ಮ ಮತ್ತು ಸಮಾಜ ಕುರಿತ ಪುಸ್ತಕವಾಗಿ ಬಂತು. ಒಂದೆರಡು ತಲೆಮಾರಿನಲ್ಲಿ ಮಾಂಸ, ಹೆಂಡ ಬಿಟ್ಟು, ದೇವರನ್ನೂ ಪೂಜೆಯನ್ನೂ ಬದಲಿಸಿಕೊಂಡು ಜಾತಿಯೊಂದು ಮೇಲೆ ಸರಿಯಬಲ್ಲದು ಎಂಬ ಮಾತು ಬಂದದ್ದು ಆ ಪುಸ್ತಕದಲ್ಲಿ. ಅಲ್ಲಿಯವರೆಗೆ ಜಾತಿ ಎಂದರೆ ಕಲ್ಲಿನಲ್ಲಿ ಕೊರೆದದ್ದು, ಹುಟ್ಟಿದಲ್ಲೇ ಸಾಯುವುದು ಎಂದು ನಂಬಿದ್ದ ವಿದ್ವಾಂಸರಿಗೆ ಇದು ಹೊಸದು. ಊರಿನ ಹಿರಿಯರಿಗೆ ಹೊಸದಾಗಿರಲಿಕ್ಕಿಲ್ಲ, ಬಿಡಿ.

ನನ್ನ ಮನೆಯನ್ನೇ ತೆಗೆದುಕೊಳ್ಳುತ್ತೇನೆ. ನಾವು ಕುರುಬರು. ನಮ್ಮ ಆಯಿಯ ಕಾಲದಲ್ಲಿ ಮನೆದೇವರು ಬೀರಪ್ಪ, ಹರಕೆಗೆ ಚಿಂಚಲಿ ಮಾಯಕ್ಕ. ಹಬ್ಬದ ಮರುದಿನ ಒಲೆಯ ಮೇಲೆ ಖಂಡದ ಅಡಗಿ ಬೇಯುತ್ತಿತ್ತು, ಅದಕ್ಕೆ ಯಾರೂ ಬಾಗಿಲು ಹಾಕುತ್ತಿರಲಿಲ್ಲ. ಘಟಪ್ರಭೆಯ ಕಾಲುವೆ ನೀರು, ಅದರ ಹಿಂದೆ ಕಬ್ಬು, ಕಬ್ಬಿನ ಹಿಂದೆ ಬಿಲ್ಲಿನ ರೊಕ್ಕ. ನಮ್ಮ ಕಾಕಾ ಸ್ಲ್ಯಾಬಿನ ಮನೆ ಕಟ್ಟಿಸಿದ. ವಾಸ್ತುಶಾಂತಿಗೆ ಅಯ್ಯನವರನ್ನು ಕರೆಸಿದ. ಆ ದಿನದಿಂದ ಖಂಡದ ಅಡಗಿ ಒಳಗಿನ ಒಲೆಯಿಂದ ಹಿತ್ತಲಿನ ಮೂರು ಕಲ್ಲಿಗೆ ಹೋಯಿತು, ಅದರ ಬೋಗುಣಿಯೂ ಹಿತ್ತಲಿನಲ್ಲೇ ಬೋರಲು ಬಿತ್ತು. ಸೋಮವಾರ ಹಿತ್ತಲಲ್ಲೂ ಇಲ್ಲ. ಮದುವೆ ಲಗ್ನಪತ್ರಿಕೆಯಲ್ಲಿ ಬೀರಪ್ಪನ ಹೆಸರು ಮೊದಲಿನ ಸಾಲಿನಿಂದ ಮೂರನೇ ಸಾಲಿಗೆ ಇಳಿಯಿತು. ಆಯಿ ಒಮ್ಮೆ ಮಾತ್ರ ಅಂದಳು: “ಗೌಡ್ರ ಮನಿ ನೋಡಿ ನೀವೂ ಗೌಡ್ರ ಆಗಾಕ ಹೊಂಟೀರಿ. ಆಗ್ರಿ. ದೇವರಿಗೆ ಹೇಳಿ ಹೋಗ್ರಿ.”

ಆಯಿ ಶ್ರೀನಿವಾಸರನ್ನು ಓದಿರಲಿಲ್ಲ, ಯಾರನ್ನೂ ಓದಿರಲಿಲ್ಲ. ಆದರೆ ಆ ಹುಡುಗಿಯ ಪ್ರಶ್ನೆಗೆ ಅರ್ಧ ಉತ್ತರ ಅವಳ ಮಾತಿನಲ್ಲಿತ್ತು. ನಾವು ನೋಡಿ ಕಲಿತದ್ದು ಲಿಂಗಾಯತ ಗೌಡರ ಮನೆಯನ್ನು. ಹೊಲ ಅವರದು, ಸೊಸೈಟಿ ಅವರದು, ಊರಿನ ಮಾತು ಅವರದು. ಮಡಿ ಅನ್ನುವುದಕ್ಕೆ ನಮ್ಮ ಕಣ್ಣ ಮುಂದೆ ಇದ್ದ ಮಾದರಿ ವಿಭೂತಿಯದೇ ಹೊರತು ಜನಿವಾರದ್ದಲ್ಲ. ಅದೂ ಸನಾತನ ಕಾಲದ ಮಾದರಿಯೇನಲ್ಲ. ನಮ್ಮೂರಿನ ಬಸದಿಯ ಶಾಸನ 13ನೇ ಶತಮಾನದ ಆರಂಭದ್ದು, ರಟ್ಟರ ಕಾಲದ್ದು. ಆಗ ಈ ಊರಿನಲ್ಲಿ ದೊಡ್ಡವರ ಹಾಗೆ ಬದುಕಬೇಕು ಅಂದುಕೊಂಡವರು ನೋಡಿದ್ದು ಜೈನರ ಮನೆಗಳನ್ನಿರಬೇಕು.

ಇದು ಶ್ರೀನಿವಾಸರ ಕಣ್ಣಿಗೆ ಬಿದ್ದಿರಲಿಲ್ಲ ಎಂದಲ್ಲ. 1956ರಲ್ಲಿ ಸಂಸ್ಕೃತೀಕರಣ ಮತ್ತು ಪಾಶ್ಚಾತ್ಯೀಕರಣ ಕುರಿತು ಅವರು ಬರೆದ ಟಿಪ್ಪಣಿಯಲ್ಲಿ ಲಿಂಗಾಯತರ ಪ್ರಸ್ತಾಪವಿದೆ. ಬ್ರಾಹ್ಮಣ್ಯದ ವಿರುದ್ಧ ಎದ್ದ ಚಳವಳಿಯೇ ಕನ್ನಡ ನಾಡಿನ ಕೆಳಜಾತಿಗಳ ಸಂಸ್ಕೃತೀಕರಣಕ್ಕೆ ದೊಡ್ಡ ಒತ್ತಾಸೆಯಾಯಿತು ಎಂಬುದನ್ನು ಅವರು ಗುರುತಿಸುತ್ತಾರೆ. ಆದರೆ ಗುರುತಿಸಿ ಮುಂದೆ ಹೋಗುತ್ತಾರೆ. ಬಸವಣ್ಣನವರು ಬೇಡವೆಂದು ತಳ್ಳಿದ್ದನ್ನೇ ಅವರ ಹೆಸರಿನವರು ಊರಿಗೆ ಹಂಚಿದರು ಅನ್ನುವ ಈ ವಿಚಿತ್ರಕ್ಕೆ ಒಂದು ಪ್ಯಾರಾ ಸಾಲದು ಎಂದು ಬೆಳಗಾವಿ ಜಿಲ್ಲೆಯಲ್ಲಿ ಕುಳಿತು ಓದುವವನಿಗೆ ಅನ್ನಿಸಿಯೇ ಅನ್ನಿಸುತ್ತದೆ. ಇನ್ನೊಂದು ಕೀಲಿಕೈಯನ್ನು ಕೊಟ್ಟವರೂ ಅವರೇ. 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ಉಳಿದು, ಅದಕ್ಕೆ ರಾಮಪುರ ಎಂದು ಹೆಸರು ಬದಲಿಸಿ, ಅಲ್ಲಿನ ಒಕ್ಕಲಿಗರನ್ನು ಕಂಡು ‘ಪ್ರಬಲ ಜಾತಿ’ ಎಂಬ ಮಾತನ್ನು ಕಟ್ಟಿದರು. ಜನಸಂಖ್ಯೆ, ಭೂಮಿ, ರಾಜಕೀಯ ಬಲ ಇದ್ದವರು ಊರನ್ನು ನಡೆಸುತ್ತಾರೆ, ಶಾಸ್ತ್ರದ ಏಣಿಯಲ್ಲಿ ಅವರು ಎಲ್ಲೇ ಇರಲಿ. ಗೈಡುಗಳಲ್ಲಿ ಇವೆರಡು ಬೇರೆ ಬೇರೆ ಪ್ರಶ್ನೆಗಳು. ಕಲ್ಲೋಳಿಯಲ್ಲಿ ಎರಡೂ ಒಂದೇ ಓಣಿಯಲ್ಲಿ ಓಡಾಡುತ್ತವೆ.

ಈ ಮಾತುಗಳು ನೆರೆಯ ದೇಶಗಳಿಗೆ ಹೋದ ದಾರಿ ಅವುಗಳಷ್ಟೇ ಕುತೂಹಲದ್ದು. ಮೈಸೂರಿನಿಂದ ಕೊಲಂಬೊ ಎಷ್ಟು ದೂರ? ಆದರೆ ಮಾತು ಆ ದಾರಿ ಹಿಡಿಯಲಿಲ್ಲ. ಕೊಡಗಿನಿಂದ ಆಕ್ಸ್‌ಫರ್ಡಿಗೆ ಹೋಯಿತು, ಅಲ್ಲಿಂದ ಅಮೆರಿಕಕ್ಕೆ. ಆ 1956ರ ಟಿಪ್ಪಣಿ ಅಚ್ಚಾದದ್ದು ‘ಫಾರ್ ಈಸ್ಟರ್ನ್ ಕ್ವಾರ್ಟರ್ಲಿ’ಯಲ್ಲಿ. ಅಂದರೆ ಅಮೆರಿಕದವರ ಲೆಕ್ಕದಲ್ಲಿ ರಾಮಪುರ ‘ದೂರಪ್ರಾಚ್ಯ’. 1960ರಲ್ಲಿ ಎಡ್ಮಂಡ್ ಲೀಚ್ ಒಂದು ಪುಟ್ಟ ಸಂಕಲನ ತಂದರು. ದಕ್ಷಿಣ ಭಾರತ, ಸಿಲೋನ್, ವಾಯವ್ಯ ಪಾಕಿಸ್ತಾನ, ಮೂರೂ ಕಡೆಯ ಜಾತಿ ಒಂದೇ ರಟ್ಟಿನೊಳಗೆ. ಜಾಫ್ನಾದ ಬಗ್ಗೆ ಮೈಕೆಲ್ ಬ್ಯಾಂಕ್ಸ್, ಸ್ವಾತ್ ಕಣಿವೆಯ ಪಠಾಣರ ಬಗ್ಗೆ ಫ್ರೆಡ್ರಿಕ್ ಬಾರ್ತ್. ನೆರೆಮನೆಯವರು ಮೂವರೂ ಸೇರಿದರು, ಆದರೆ ಸೇರಿದ್ದು ಕೇಂಬ್ರಿಜ್‌ನಲ್ಲಿ. ಧಾರವಾಡದಲ್ಲಿ ಎಂ.ಎ. ಓದುವಾಗ ಆ ಪುಸ್ತಕ ಕೈಗೆ ಸಿಕ್ಕಿತ್ತು. ಪರೀಕ್ಷೆಗೆ ಬರುವುದಿಲ್ಲ ಎಂದು ಸಿಲೋನಿನ ಪುಟಗಳನ್ನು ದಾಟಿದ್ದೆ.

ಆ ಹುಡುಗಿ ಕೇಳಿದ ಮೇಲೆ ಅದೇ ಪುಟಗಳಿಗೆ ಮರಳಿದೆ. ಜಾಫ್ನಾದಲ್ಲಿ ಬ್ರಾಹ್ಮಣರಿದ್ದಾರೆ, ಆದರೆ ದೇವಸ್ಥಾನವೂ ಹೊಲವೂ ವೆಳ್ಳಾಳರವು. ಪೂಜೆ ಮಾಡುವವನು ದೇವಸ್ಥಾನದ ಒಡೆಯನ ಸಂಬಳದಾಳು. ಸಿಂಹಳೀಯರಲ್ಲಂತೂ ಬ್ರಾಹ್ಮಣ ಜಾತಿಯೇ ಇಲ್ಲ. ಏಣಿಯ ತುದಿಯಲ್ಲಿ ಕೂತಿರುವುದು ಗೊವಿಗಮರು, ಅಂದರೆ ಒಕ್ಕಲುತನದವರು. ಸಂಖ್ಯೆಯಲ್ಲೂ ಅವರೇ ಹೆಚ್ಚು. ಓದುತ್ತಾ ನನಗೆ ರಾಮಪುರಕ್ಕಿಂತ ಕಲ್ಲೋಳಿ ಹೆಚ್ಚು ಕಂಡದ್ದು ಇಲ್ಲಿ. ಉಳುವವನೇ ತುದಿಯಲ್ಲಿ ಕುಳಿತ ಊರಿನಲ್ಲಿ ಶುದ್ಧಿಯ ಅಳತೆಗೋಲೂ ಅವನ ಕೈಯಲ್ಲೇ ಇರುತ್ತದೆ.

ಅಲ್ಲಿನ ಕೆಳಗಿನವರು ಏನು ಮಾಡಿದರು ಅನ್ನುವುದು ಇನ್ನೂ ಸೊಗಸು. 1753ರಲ್ಲಿ ಕ್ಯಾಂಡಿಯ ರಾಜ ಸಯಾಮಿನಿಂದ ಭಿಕ್ಷುಗಳನ್ನು ಕರೆಸಿ ನಿಂತುಹೋಗಿದ್ದ ಉಪಸಂಪದೆಯನ್ನು ಮತ್ತೆ ಶುರು ಮಾಡಿಸಿದ. ಸ್ವಲ್ಪ ಕಾಲದಲ್ಲೇ ಆ ದೀಕ್ಷೆ ಗೊವಿಗಮರಿಗೆ ಮಾತ್ರ ಎಂದಾಯಿತು. ಬುದ್ಧನ ಸಂಘದ ಬಾಗಿಲಲ್ಲಿ ಜಾತಿ ಕೇಳುವ ಕಾಲ ಬಂತು. ಕರಾವಳಿಯ ಸಲಾಗಮರು, ದಾಲ್ಚಿನ್ನಿ ಸುಲಿಯುವವರು, ಮೇಲಿನವರನ್ನು ಅನುಕರಿಸುತ್ತಾ ಎರಡು ತಲೆಮಾರು ಕಾಯಲಿಲ್ಲ. ಹಡಗು ಹತ್ತಿ ಬರ್ಮಾದ ಅಮರಪುರಕ್ಕೆ ಹೋಗಿ ಅಲ್ಲಿಂದ ದೀಕ್ಷೆ ತಂದರು. 1803ರಲ್ಲಿ ಮರಳಿ ಅಮರಪುರ ನಿಕಾಯ ಕಟ್ಟಿದರು. ಮನೆಯಲ್ಲಿ ಕೊಡದಿದ್ದರೆ ನೆರೆಮನೆಯಿಂದ ತರುತ್ತೇವೆ ಎಂದಂತೆ. ಸಂಸ್ಕೃತೀಕರಣದ ಚೌಕಟ್ಟಿನಲ್ಲಿ ಇದನ್ನು ಕೂರಿಸಲು ಹೋದರೆ ಕೈ ಕಾಲು ಹೊರಗೆ ಚಾಚುತ್ತವೆ.

ಪಾಕಿಸ್ತಾನ, ಬಾಂಗ್ಲಾದ ಕಡೆ ಈ ಮಾತು ‘ಅಶ್ರಾಫೀಕರಣ’ ಎಂಬ ವೇಷ ಹಾಕಿತು. ಉಪಖಂಡದ ಮುಸ್ಲಿಮರಲ್ಲಿ ಕಸುಬಿನ ಜಾತಿಗಳು ಶೇಖ್, ಸಯ್ಯದ್ ಎಂದು ಹೆಸರು ಏರಿಸಿಕೊಳ್ಳುವುದಕ್ಕೆ ವಿದ್ವಾಂಸರು ಇಟ್ಟ ಹೆಸರದು. ಹೋದ ವರ್ಷ ನೇಕಾರ, ಈ ವರ್ಷ ಶೇಖ್, ಬೆಳೆಗೆ ದರ ಬಂದರೆ ಬರುವ ವರ್ಷ ಸಯ್ಯದ್ ಅನ್ನುವ ಅರ್ಥದ ಗಾದೆಯೊಂದು ಶ್ರೀನಿವಾಸರಿಗಿಂತ ಎಷ್ಟೋ ಮೊದಲೇ ಉತ್ತರದಲ್ಲಿ ಚಾಲ್ತಿಯಲ್ಲಿತ್ತು. ನಮ್ಮ ಕಡೆ ಕಬ್ಬಿನ ದರದ ಮೇಲೆ ಮದುವೆ ನಿಶ್ಚಯವಾಗುವುದನ್ನು ಕಂಡ ನನಗೆ ಆ ಗಾದೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಪಿಂಜಾರ, ನದಾಫ ಎರಡೂ ಹತ್ತಿ ಹಿಂಜುವ ಒಂದೇ ಕಸುಬಿನ ಹೆಸರು. ಒಂದು ಇಲ್ಲಿಯದು, ಇನ್ನೊಂದು ಅರಬ್ಬಿ. ನನ್ನ ಜೊತೆ ಓದಿದ ಗೆಳೆಯನೊಬ್ಬನ ಮನೆಯವರು ನದಾಫ ಎಂದರೆ ತಿರುಗಿ ನೋಡುತ್ತಿದ್ದರು, ಪಿಂಜಾರ ಎಂದರೆ ಕೇಳಿಸದಂತೆ ಇರುತ್ತಿದ್ದರು.

ಆದರೆ ನನ್ನ ಓದನ್ನು ಬುಡಮೇಲು ಮಾಡಿದ್ದು ನೇಪಾಳ, ಅದಕ್ಕೆ ನೆವವಾದದ್ದು ಒಬ್ಬ ಗೂರ್ಖಾ. ರಾತ್ರಿ ಸೀಟಿ ಊದುತ್ತಾ, ಕೋಲು ಕುಟ್ಟುತ್ತಾ ಬಜಾರು ಸುತ್ತಿ, ತಿಂಗಳ ಮೊದಲ ವಾರ ಅಂಗಡಿ ಅಂಗಡಿಗೆ ಬಂದು ಹತ್ತಿಪ್ಪತ್ತು ರೂಪಾಯಿ ಪಡೆಯುವವರು. ಊರಿಗೆಲ್ಲ ಅವರು ‘ಬಹಾದ್ದೂರ್’. ಒಂದು ದಸರೆಯ ದಿನ ಬನ್ನಿ ಕೊಡಲು ಹೋದಾಗ, ನಿಮ್ಮಲ್ಲೂ ದೊಡ್ಡ ಹಬ್ಬವಲ್ಲವೇ, ಊರಿಗೆ ಹೋಗಲಿಲ್ಲವೇ ಎಂದು ಕೇಳಿದೆ. ಅವರ ಹಿಂದಿ, ನನ್ನ ಹಿಂದಿ ಎರಡೂ ಕುಂಟುವವೇ. ಅವರು ಮಗರ್ ಜನಾಂಗದವರು. ತಂದೆಯ ಕಾಲಕ್ಕೆ ದಸೈಂ ಹಬ್ಬಕ್ಕೆ ಹಣೆ ತುಂಬ ಕೆಂಪು ಟೀಕಾ ಇಡುತ್ತಿದ್ದರಂತೆ. ಈಗ ಅಣ್ಣನ ಮನೆಯಲ್ಲಿ ಇಡುವುದಿಲ್ಲ, ಕೆಲವರು ಬಿಳಿಯದು ಇಡುತ್ತಾರೆ. “ಅದು ರಾಜನ ಹಬ್ಬ, ನಮ್ಮದಲ್ಲ ಅಂತಾನೆ ಅಣ್ಣ. ನಾನು ದೂರದಲ್ಲಿದ್ದೇನೆ, ನನಗೆ ಎರಡೂ ಇಲ್ಲ” ಎಂದು ಬನ್ನಿ ಎಲೆಯನ್ನು ಜೇಬಿಗೆ ಹಾಕಿಕೊಂಡರು.

ಹಬ್ಬವನ್ನು ರಾಜನದು ಎಂದದ್ದು ತಲೆಯಲ್ಲಿ ಉಳಿಯಿತು. ಹುಡುಕಿ ಓದಿದಾಗ ತಿಳಿಯಿತು, ಅಲ್ಲಿ ಜಾತಿಯ ಏಣಿಯನ್ನು ಸರ್ಕಾರವೇ ಬರೆದಿತ್ತು. 1854ರಲ್ಲಿ ಜಂಗ್ ಬಹಾದ್ದೂರ್ ರಾಣಾ ಹೊರಡಿಸಿದ ಮುಲುಕಿ ಐನ್ ಎಂಬ ಸಂಹಿತೆ ಇಡೀ ದೇಶದ ಜನರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿತು. ತುದಿಯಲ್ಲಿ ತಾಗಾಧಾರಿಗಳು, ಜನಿವಾರದವರು. ಆಮೇಲೆ ಮತವಾಲಿಗಳು, ಕುಡಿಯುವವರು. ಅವರಲ್ಲಿ ಮತ್ತೆ ಎರಡು: ಗುಲಾಮರನ್ನಾಗಿ ಮಾಡಬಾರದವರು, ಮಾಡಬಹುದಾದವರು. ಮಗರರು, ಗುರುಂಗರು ಮೊದಲನೆಯದರಲ್ಲಿ, ತಮಾಂಗರು ಎರಡನೆಯದರಲ್ಲಿ. ಕೆಳಗೆ ನೀರು ಮುಟ್ಟಿಸಿಕೊಳ್ಳಬಾರದವರು, ಅವರಲ್ಲೂ ಎರಡು ಬಗೆ. ಒಂದೇ ತಪ್ಪಿಗೆ ಜಾತಿಗೊಂದು ಶಿಕ್ಷೆ. 1963ರ ಹೊಸ ಸಂಹಿತೆ ಬರುವವರೆಗೆ ಇದರ ನೆರಳು ಕಾಯಿದೆಯಲ್ಲೇ ಇತ್ತು. ಕೊಡಗಿನಲ್ಲಿ ಹೆಂಡ ಬಿಟ್ಟರೆ ಒಂದು ಮೆಟ್ಟಿಲು ಏರಬಹುದಿತ್ತು. ನೇಪಾಳದಲ್ಲಿ ಮಗರನೊಬ್ಬ ಬಿಟ್ಟರೂ ಕಾಗದದಲ್ಲಿ ಅವನು ಮತವಾಲಿಯೇ. ದರ್ಜೆ ಬದಲಾಗಬೇಕಾದರೆ ಅರಮನೆಯ ಕಡೆ ನೋಡಬೇಕಿತ್ತು.

1977ರಲ್ಲಿ ಪ್ರಯಾಗ್ ರಾಜ್ ಶರ್ಮಾ ಎಂಬ ನೇಪಾಳಿ ವಿದ್ವಾಂಸರು ಕಠ್ಮಂಡುವಿನ ‘ಕೈಲಾಶ್’ ಪತ್ರಿಕೆಯಲ್ಲಿ ಶ್ರೀನಿವಾಸರ ಪದವನ್ನೂ ಈ ಸಂಹಿತೆಯನ್ನೂ ಎದುರುಬದುರು ಕೂರಿಸಿ ಬರೆದರು. ಎರಡು ವರ್ಷದಲ್ಲಿ ಆಂದ್ರಾಸ್ ಹ್ಯೋಫರ್ ಅದೇ ಸಂಹಿತೆಯ ಮೇಲೆ ಇಡೀ ಪುಸ್ತಕ ತಂದರು. ಜಾತಿ ಮೇಲಕ್ಕೆ ಕೆಳಕ್ಕೆ ಸರಿಯುವುದನ್ನು ನೋಡುವಾಗ ಊರೊಂದನ್ನೇ ನೋಡಬೇಡಿ, ರಾಜಧಾನಿಯನ್ನೂ ನೋಡಿ ಎಂಬುದು ಇವರಿಂದ ನಾನು ಕಲಿತದ್ದು. ಇದನ್ನು ಮೈಸೂರಿನ ಮಾತಿಗೆ ಕಠ್ಮಂಡು ಮಾಡಿದ ತಿದ್ದುಪಡಿ ಎಂದೇ ನಾನು ಎಣಿಸುತ್ತೇನೆ. 1990ರಲ್ಲಿ ಪ್ರಜಾಪ್ರಭುತ್ವ ಮರಳಿ ಬಂದ ಮೇಲೆ ಜನಜಾತಿಗಳ ಒಕ್ಕೂಟ ಹುಟ್ಟಿ, ದಸೈಂ ಬಹಿಷ್ಕಾರದ ಕರೆ ಬಂತು. ಏರಿಸಿದ್ದು ರಾಜ್ಯವಾದರೆ ಇಳಿಯುವುದೂ ರಾಜ್ಯದ ಎದುರಿಗೇ.

ಇನ್ನು ನಮ್ಮ ಕಡೆ ತಿರುಗುತ್ತೇನೆ. 2021ರ ಜನವರಿ. ಕೂಡಲಸಂಗಮದಿಂದ ಬೆಂಗಳೂರಿಗೆ ಪಂಚಮಸಾಲಿ ಲಿಂಗಾಯತರ ಪಾದಯಾತ್ರೆ ಹೊರಟಿತು, 3ಬಿಯಲ್ಲಿದ್ದ ನಮ್ಮನ್ನು 2ಎಗೆ ಸೇರಿಸಿ ಎಂದು. ಅದೇ ವಾರ ಕಾಗಿನೆಲೆಯಿಂದ ಬೆಂಗಳೂರಿಗೆ ಕುರುಬರ ಪಾದಯಾತ್ರೆ ಹೊರಟಿತು, 2ಎಯಲ್ಲಿದ್ದ ನಮ್ಮನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂದು. ಯಾವ ಗೌಡರ ಮನೆ ನೋಡಿ ನಮ್ಮ ಕಾಕಾ ಬೋಗುಣಿಯನ್ನು ಹಿತ್ತಲಿಗೆ ಹಾಕಿದನೋ ಆ ಗೌಡರ ಮೊಮ್ಮಕ್ಕಳು ನಾವಿದ್ದ ಪಟ್ಟಿಗೆ ಬರಲು ನಡೆಯುತ್ತಿದ್ದರು. ನಾವು ಅಲ್ಲಿಂದ ಇನ್ನೊಂದು ಪಟ್ಟಿಗೆ ಹೋಗಲು ನಡೆಯುತ್ತಿದ್ದೆವು. ಕಾಕಾ ಟಿವಿ ಮುಂದೆ ಕುಳಿತು ಎರಡನ್ನೂ ನೋಡಿದ. “ಏರೂದ ಯಾವ ಕಡೆ, ಇಳಿಯೂದ ಯಾವ ಕಡೆ, ಒಂದೂ ತಿಳಿವಲ್ದು” ಎಂದ. ಹಳೆಯ ಲಗ್ನಪತ್ರಿಕೆ ಎಲ್ಲಾದರೂ ಇದೆಯೇ, ಬೀರಪ್ಪ ಮೊದಲನೇ ಸಾಲಿನಲ್ಲಿದ್ದದ್ದು, ಎಂದು ಆಮೇಲೆ ಕಪಾಟು ಹುಡುಕಿದ್ದನ್ನು ಕಾಕು ಹೇಳಿದಳು. ದಾಖಲೆಗೆ ಬೇಕಾದೀತು ಎಂದು.

ರಾಮಪುರದ ಶ್ರೀನಿವಾಸರನ್ನು ಮಾತ್ರ ಹಿಡಿದು ಹೊರಟರೆ ಇದು ಅನುಕರಣೆಯ ತಿರುವುಮುರುವು, ಒಂದು ತಮಾಷೆ. ಕಠ್ಮಂಡುವಿನ ತಿದ್ದುಪಡಿ ಸೇರಿಸಿಕೊಂಡು ನೋಡಿದರೆ ತಮಾಷೆಯೇನೂ ಇಲ್ಲ. ಸರ್ಕಾರ ಪಟ್ಟಿ ಬರೆಯುವಲ್ಲಿ ಜನ ನೆರೆಮನೆಯ ಒಲೆ ನೋಡುವುದನ್ನು ಬಿಟ್ಟು ರಾಜಧಾನಿಯ ಕಡೆ ನಡೆಯುತ್ತಾರೆ. ಮುಲುಕಿ ಐನ್ ತುಳಿಯಲು ಬರೆದ ಪಟ್ಟಿ, ನಮ್ಮ ಮೀಸಲಾತಿಯದು ಎತ್ತಲು ಬರೆದದ್ದು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕುವವರ ಜೊತೆ ನನಗೆ ಜಗಳವಿದೆ. ಆ ಪಟ್ಟಿ ಇಲ್ಲದಿದ್ದರೆ ನಾನು ಈ ಮೇಜಿನ ಹಿಂದೆ ಕುಳಿತು ಉತ್ತರ ಪತ್ರಿಕೆ ತಿದ್ದುತ್ತಿರಲಿಲ್ಲ. ಆದರೆ ಪಟ್ಟಿಯೊಂದು ಇದ್ದಾಗ ಜಾತಿ ಎಂಬುದು ಊರಿನ ಒಳಗಿನ ಮಾತಾಗಿ ಉಳಿಯುವುದಿಲ್ಲ ಎಂಬ ಮಟ್ಟಿಗೆ ಎರಡೂ ಒಂದೇ ಪಾಠ ಹೇಳುತ್ತವೆ.

ಎತ್ತುವ ಪಟ್ಟಿ ಕೂಡ ನಮಗೆ ದೂರದಿಂದ ಬಂದದ್ದಲ್ಲ. ಕಲ್ಲೋಳಿಯವರಿಗೆ ದವಾಖಾನೆಗೆ ಮಿರಜ, ದೇವರಿಗೆ ಪಂಢರಪುರ, ಬೆಲ್ಲದ ಪೇಟೆಗೆ ಕೊಲ್ಲಾಪುರ. ಆ ಕೊಲ್ಲಾಪುರ ಸಂಸ್ಥಾನದ ಶಾಹು ಮಹಾರಾಜರು 1902ರ ಜುಲೈ 26ರಂದು, ಖಾಲಿಯಾಗುವ ಸರ್ಕಾರಿ ಹುದ್ದೆಗಳಲ್ಲಿ ನೂರಕ್ಕೆ 50 ಹಿಂದುಳಿದವರಿಗೆ ಎಂದು ಆದೇಶ ಹೊರಡಿಸಿದರು. ಮುಂಬಯಿ ಇಲಾಖೆಯಲ್ಲಿದ್ದ ನಮ್ಮವರಿಗೆ ಅಂದಿನ ಕೊಲ್ಲಾಪುರ ನೆರೆಯ ದೇಶವೇ. ಮೈಸೂರಿನಲ್ಲಿ ಮಿಲ್ಲರ್ ಸಮಿತಿ ನೇಮಕವಾದದ್ದು 1918ರಲ್ಲಿ. ಆಗ ಶ್ರೀನಿವಾಸ್ ಎರಡು ವರ್ಷದ ಕೂಸು. ಅಂದರೆ ಅವರು ಬೆಳೆದದ್ದೇ ಪಟ್ಟಿ ಇದ್ದ ಊರಿನಲ್ಲಿ. ಆದರೂ ಅವರ ಮೊದಲ ಪುಸ್ತಕದಲ್ಲಿ ರಾಜ್ಯಕ್ಕಿಂತ ಮಡಿಯೇ ಎದ್ದು ಕಾಣುವುದು ಏಕೆ ಎಂಬುದು ನನ್ನನ್ನು ಕಾಡುತ್ತದೆ. ಆಕ್ಸ್‌ಫರ್ಡಿನ ಮೇಜಿನ ಮೇಲೆ ಕೊಡಗನ್ನು ಹರಡಿ ಕುಳಿತಾಗ ಮಡಿ ಕಂಡಷ್ಟು ಸ್ಪಷ್ಟವಾಗಿ ಗೆಜೆಟ್ ಕಾಣಲಿಲ್ಲವೇನೋ.

ಕರಾಚಿಯಲ್ಲಿ 1921ರಲ್ಲಿ ಹುಟ್ಟಿದ ಹಮ್ಜಾ ಅಲವಿ ಇದನ್ನೇ ಇನ್ನೊಂದು ಬದಿಯಿಂದ ಹಿಡಿದವರು. ವಸಾಹತು ಸರ್ಕಾರದ ನೌಕರಿಗೆ ಓದಿ ತಯಾರಾದ ವರ್ಗಕ್ಕೆ ಅವರು ‘ಸ್ಯಾಲರಿಯಟ್’ ಎಂದು ಹೆಸರಿಟ್ಟರು. ನಾನು ಸಂಬಳದ ವರ್ಗ ಎನ್ನುತ್ತೇನೆ. ಪಾಕಿಸ್ತಾನದ ಚಳವಳಿಯ ಬೆನ್ನೆಲುಬು ಧರ್ಮಗುರುಗಳಲ್ಲ, ಈ ವರ್ಗ ಎಂಬುದು ಅವರ ವಾದ. 1975ರಲ್ಲಿ ಅವರ ದೊಡ್ಡ ಲೇಖನವೊಂದು ಮುಂಬಯಿಯ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲೇ ಅಚ್ಚಾಗಿತ್ತು. ಅವರನ್ನು ಓದಿದ ಮೇಲೆ ಮಹಾಜನ ವರದಿಯ ಗದ್ದಲವೂ ನನಗೆ ಬೇರೆಯಾಗಿ ಕೇಳಿಸತೊಡಗಿತು. ನಮ್ಮ ಸಂತೆಯಲ್ಲಿ ಕನ್ನಡ ಮರಾಠಿ ಒಂದೇ ಬುಟ್ಟಿಯಲ್ಲಿ ಮಾರಾಟವಾಗುತ್ತವೆ. ಅರ್ಜಿ ನಮೂನೆ ಯಾವ ಭಾಷೆಯಲ್ಲಿರಬೇಕು ಎಂಬಲ್ಲಿ ಮಾತ್ರ ಕಲ್ಲು ಹಾರುತ್ತವೆ.

ಆ ಹುಡುಗಿ ಈಗ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮಾಡುತ್ತಿದ್ದಾಳೆ. ಹೋದ ತಿಂಗಳು ಫೋನು ಮಾಡಿದ್ದಳು. ಮುಲುಕಿ ಐನ್ ಬಗ್ಗೆ ನಾಲ್ಕು ಪುಟ ಕನ್ನಡದಲ್ಲಿ ಬರೆದು ಕೊಟ್ಟರೆ ಜೂನಿಯರ್‌ಗಳಿಗೆ ಓದಿಸುತ್ತೇನೆ ಎಂದಳು. ನೇಪಾಳದ್ದು, ಲಂಕೆಯದು ಕನ್ನಡದಲ್ಲಿ ಕೈಗೆ ಸಿಗುವುದೇ ಇಲ್ಲ, ಎಲ್ಲ ಇಂಗ್ಲಿಷಿನಲ್ಲೇ ಇದೆ ಎಂಬುದು ಅವಳ ದೂರು. ನಾನು ಬರೆಯಲು ಕುಳಿತು ಮೊದಲನೇ ಪುಟದಲ್ಲೇ ನಿಂತೆ. ‘ಮತವಾಲಿ’ಗೆ ಏನು ಬರೆಯಲಿ? ಕುಡುಕರು ಎಂದರೆ ಬೈಗುಳ. ಮದ್ಯಪಾನಿಗಳು ಎಂದರೆ ಅಬಕಾರಿ ಇಲಾಖೆಯ ಸುತ್ತೋಲೆ. ಅವಳನ್ನೇ ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಸರ, ‘ನಡೀತೈತಿ ಅನ್ನೋರು’ ಅಂತ ಬರೀರಿ. ನಮ್ಮ ಕಡೆ ಬೀಗರು ಬಂದಾಗ ಹಂಗ ಕೇಳ್ತಾರಲ್ರಿ, ನಿಮ್ಮಲ್ಲಿ ನಡೀತೈತೇನು ಅಂತ.”

ಹಾಗೆಯೇ ಬರೆದಿದ್ದೇನೆ. ತಾಗಾಧಾರಿಗೆ ಇನ್ನೂ ಹುಡುಕುತ್ತಿದ್ದೇವೆ. ಅವಳಿಗೆ ‘ಜನಿವಾರದವರು’ ಒಪ್ಪಿಗೆಯಿಲ್ಲ. ನೇಪಾಳದಲ್ಲಿ ಛೇತ್ರಿಗಳೂ ಅದರೊಳಗೆ ಬರುತ್ತಾರೆ, ನಮ್ಮವರು ಓದಿದರೆ ಬರೀ ಬ್ರಾಹ್ಮಣರು ಅಂದುಕೊಳ್ಳುತ್ತಾರೆ ಎನ್ನುತ್ತಾಳೆ.